ಬೈಟು ಟೀ, ಫುಲ್ ಯುದ್ಧ

ಮಂಡ್ಯದಲ್ಲಿ ನಾವು ಕೂರುವ ಟೀ ಅಂಗಡಿ ಬೆಂಚಿನ ಮೇಲೆ ದಿನಾ ಬೆಳಿಗ್ಗೆ ಏಳೂವರೆಗೆ ಯುದ್ಧ ಶುರುವಾಗುತ್ತದೆ. ಕಾವೇರಿ ಗಲಾಟೆ ಇಲ್ಲದ ದಿನ ಬೇರೆ ವಿಷಯ ಬೇಕಲ್ಲ. ಈ ವಾರದ್ದು: ಇಸ್ಲಾಮಿನಲ್ಲಿ ಹೆಣ್ಣು ಕತ್ತಿ ಹಿಡಿಯಬಹುದೋ, ಇಲ್ಲವೋ?

ಒಂದು ಕಡೆ ಗೊಬ್ಬರದ ಅಂಗಡಿ ಅಣ್ಣ, ಇನ್ನೊಂದು ಕಡೆ ಬಾಳೆಮಂಡಿ ಸಾಹೇಬರು. ಇಬ್ಬರ ಕೈಯಲ್ಲೂ ಫೋನು. ನಡುವೆ ಒಂದು ಬೈಟು ಟೀ.

"ಹೊಸಿಲು ದಾಟೋಕೇ ಬಿಡಲ್ಲ ನೀವು, ಯುದ್ಧ ಎಲ್ಲಿಂದ ಬಂತು?" ಎಂದರು ಅಣ್ಣ.

ಸಾಹೇಬರು ಇದಕ್ಕೇ ಕಾದು ಕೂತಿದ್ದರು. 625ರಲ್ಲಿ ಮದೀನಾ ಹತ್ತಿರ ನಡೆದ ಉಹುದ್ ಯುದ್ಧ, ನುಸೈಬಾ ಬಿಂತ್ ಕಅಬ್ ಎಂಬ ಹೆಂಗಸು. ನೀರು ಕೊಡಲು ಹೋದಾಕೆ, ಸೈನ್ಯ ಚದುರಿದಾಗ ಪ್ರವಾದಿಯವರಿಗೆ ಅಡ್ಡ ನಿಂತು ಕತ್ತಿ ಬೀಸಿದರು. ಮೈತುಂಬಾ ಗಾಯ. ಹೇಳುತ್ತಾ ಸಾಹೇಬರು, ಗಾಯ ತಮಗೇ ಆದಂತೆ ಭುಜ ಸವರಿಕೊಂಡರು.

ಅಣ್ಣ ಫೋನು ತೀಡಿ 656ಕ್ಕೆ ಬಂದರು. ಬಸ್ರಾ ಹತ್ತಿರದ ಒಂಟೆ ಕಾಳಗ. ಪ್ರವಾದಿಯವರ ಮಡದಿ ಆಯಿಷಾ ಒಂಟೆ ಮೇಲೆ ಕೂತು ಆಗಿನ ಖಲೀಫ ಅಲಿಯವರ ಸೈನ್ಯಕ್ಕೆ ಎದುರು ನಿಂತ ಯುದ್ಧ. "ಆಯಿಷಾ ಕಡೆಯವರು ಸೋತರಲ್ಲ? ಹೆಂಗಸರಿಗೆ ಯುದ್ಧ ಆಗಿ ಬರಲ್ಲ ಅಂತ ಆಯ್ತಲ್ಲ?"

ಈ ಒಂಟೆ ಪಾಪ, ಸಾವಿರದ ಮುನ್ನೂರಕ್ಕೂ ಹೆಚ್ಚು ವರ್ಷದಿಂದ ಎರಡೂ ಕಡೆಯವರನ್ನು ಹೊರುತ್ತಿದೆ. ಹೆಣ್ಣು ಮುಂದಾಳಾಗಬಹುದು ಎನ್ನುವವರಿಗೂ ಅದೇ ಒಂಟೆ, ಆಗಬಾರದು ಎನ್ನುವವರಿಗೂ ಅದೇ ಒಂಟೆ. ಇಲ್ಲೇ ಪಕ್ಕದಲ್ಲಿ ಶ್ರೀರಂಗಪಟ್ಟಣ ಇದೆ. 1799ರ ಮೇ 4ರಂದು ಟಿಪ್ಪು ಸೋತು ಸತ್ತದ್ದು ಅಲ್ಲೇ. ಇನ್ನು ಗಂಡಸರನ್ನು ಯುದ್ಧಕ್ಕೆ ಕಳಿಸೋದು ಬೇಡ ಎಂದು ಅಲ್ಲಿ ಯಾರೂ ಹೇಳಿದ್ದು ನಾನು ಕೇಳಿಲ್ಲ.

ನಾನೂ ಸುಮ್ನೆ ಇರಲಾರದೆ ಚಾಂದ್ ಬೀಬಿ ಹೆಸರು ತೆಗೆದೆ. ನಮ್ಮ ಬಿಜಾಪುರದ ರಾಜ್ಯ ನೋಡಿಕೊಂಡವಳು, 1595ರಲ್ಲಿ ಅಹ್ಮದ್‌ನಗರದ ಕೋಟೆಯಲ್ಲಿ ಅಕ್ಬರನ ಸೈನ್ಯವನ್ನು ತಡೆದವಳು, 1600ರಲ್ಲಿ ತನ್ನ ಕಡೆಯವರ ಕೈಯಲ್ಲೇ ಸತ್ತವಳು. ಬೆಂಚು ಸ್ವಲ್ಪ ಹೊತ್ತು ಯೋಚಿಸಿತು. "ಯಾರ ಕಡೆ ಪಾಯಿಂಟು ಇದು?" ಎಂದರು ಅಣ್ಣ. ಗೊತ್ತಾಗದೆ ಬಿಟ್ಟುಬಿಟ್ಟರು. 2014ರಲ್ಲಿ ಸಿರಿಯಾದ ಕೊಬಾನಿಯಲ್ಲಿ ಐಸಿಸ್ ಎದುರು ಬಂದೂಕು ಹಿಡಿದ ಕುರ್ದ್ ಹೆಣ್ಣುಮಕ್ಕಳ ಮಾತೂ ಬಂತು. ಅವರು ನಮ್ಮ ಬೆಂಚಿನ ಅಪ್ಪಣೆ ಕೇಳಿರಲಿಲ್ಲ.

ಕೊನೆಗೆ ಅಣ್ಣ ಎದೆಯುಬ್ಬಿಸಿ ಒನಕೆ ಓಬವ್ವನನ್ನು ಕರೆತಂದರು. ಚಿತ್ರದುರ್ಗದ ಕಿಂಡಿ, ಹೈದರಾಲಿಯ ಸೈನಿಕರು, ಒನಕೆ. ಆಗ ಓಬವ್ವನ ಗಂಡ ಎಲ್ಲಿದ್ದ? ಊಟಕ್ಕೆ ಕೂತಿದ್ದ. ಆ ಪರಂಪರೆಯನ್ನು ಮಾತ್ರ ನಾವು ಒಂದು ದಿನವೂ ತಪ್ಪಿಸಿಲ್ಲ.

ಅಷ್ಟರಲ್ಲಿ ಕಬ್ಬು ಕಡಿಯಲು ಹೊರಟ ನಾಲ್ಕು ಜನ ಹೆಂಗಸರು ಮಚ್ಚು ಹಿಡಿದು ಮುಂದೆಯೇ ಹಾದುಹೋದರು. ನಾವು ಕಾಲು ಮಡಚಿ ದಾರಿ ಬಿಟ್ಟು, ಹೆಣ್ಣು ಆಯುಧ ಹಿಡಿಯಬಹುದೋ ಎಂದು ಮುಂದುವರಿಸಿದೆವು.

ಆಗ ಬಂದಳು ಅಂಗಡಿಯವರ ಮಗಳು, ಪಿಯುಸಿ ಹುಡುಗಿ. ಎನ್‌ಸಿಸಿ ಕ್ಯಾಂಪಿನ ಫಾರಂ. ಹತ್ತು ದಿನ, ರೈಫಲ್ಲೂ ಹೊಡೆಸುತ್ತಾರಂತೆ. ಸಹಿ ಬೇಕು. ಅಪ್ಪ ಬೆಂಚಿನ ಕಡೆ ನೋಡಿದರು.

"ಹೆಣ್ಣುಮಗು, ಹತ್ತು ದಿನ ಹೊರಗಾ?" ಎಂದರು ಉಹುದ್ ಸಾಹೇಬರು.

"ಸಾಹೇಬ್ರು ಹೇಳೋದು ಕರೆಕ್ಟು," ಎಂದರು ಓಬವ್ವನ ಅಣ್ಣ.

ವಾರದಲ್ಲಿ ಮೊದಲ ಸಲ ಬೆಂಚು ಒಂದಾಯಿತು. ಇಬ್ಬರೂ ನನ್ನ ಮುಖ ನೋಡಿದರು. ಚಾಂದ್ ಬೀಬಿ ಪರವಾಗಿ ನಾನು ಏನಾದರೂ ಹೇಳಬೇಕಿತ್ತು. "ಬಿಸಿಲು ಜಾಸ್ತಿ ಅಲ್ವಾ ಈಗ," ಎಂದೆ.

ಒಳಗಿಂದ ಹುಡುಗಿಯ ಅಮ್ಮ ಬಂದರು. ಫಾರಂ ಇಸ್ಕೊಂಡು ಓದಿದರು. "ತಂದೆ ಅಥವಾ ತಾಯಿ ಅಂತ ಇದೆಯಲ್ಲ," ಎಂದು ಸಹಿ ಹಾಕಿ ಮಗಳ ಕೈಗೆ ಕೊಟ್ಟರು. ಆಮೇಲೆ ಲೆಕ್ಕದ ಪುಸ್ತಕ ತೆಗೆದು ನಮ್ಮ ಕಡೆ ತಿರುಗಿದರು.

"ಹೋದ ವಾರದ ಟೀ ದುಡ್ಡು ಯಾರು ಕೊಡ್ತೀರಿ?"

ಅಣ್ಣ ಸಾಹೇಬರನ್ನು ನೋಡಿದರು. ಸಾಹೇಬರು ನನ್ನನ್ನು ನೋಡಿದರು.