ವಿಷಕ್ಕೂ ಒಂದು ಪಾಸ್‌ವರ್ಡ್

ನಮ್ಮ ದೇಶದಲ್ಲಿ ಕೀಟನಾಶಕ ಮಾರಬೇಕೆಂದರೆ ಮೊದಲು ಫರೀದಾಬಾದಿನ ಕಡೆಗೆ ಕೈಮುಗಿಯಬೇಕು. ಕೇಂದ್ರೀಯ ಕೀಟನಾಶಕ ಮಂಡಳಿಯೂ ನೋಂದಣಿ ಸಮಿತಿಯೂ ಅಲ್ಲೇ ನೆಲೆಸಿವೆ. ಕಾಯ್ದೆ 1968ರದು, ನಿಯಮಗಳು 1971ರವು. ಈ ಮುದಿ ಕಾಯ್ದೆಗೆ ವಿಶ್ರಾಂತಿ ಕೊಡಲೆಂದು 2008ರಲ್ಲಿ ಒಂದು ಮಸೂದೆ, 2020ರಲ್ಲಿ ಇನ್ನೊಂದು ರಾಜ್ಯಸಭೆಯ ಮೆಟ್ಟಿಲು ಹತ್ತಿದವು. ಕಾಯ್ದೆ ಜಪ್ಪಯ್ಯ ಎಂದರೂ ಜಾಗ ಬಿಟ್ಟು ಕದಲಲಿಲ್ಲ. ಕದಲದಿದ್ದರೇನಂತೆ, ಅದಕ್ಕೊಂದು ಪೋರ್ಟಲ್ ಕಟ್ಟಿದರಾಯಿತು. ಅರ್ಜಿ ಆನ್‌ಲೈನ್ ಆಯಿತು, ಶುಲ್ಕ ಆನ್‌ಲೈನ್ ಆಯಿತು. ಉಳಿದದ್ದು ಒಂದೇ ಕೆಲಸ: ಕಂಪನಿಗಳನ್ನು ಸಜ್ಜುಗೊಳಿಸುವುದು.

ಅಂಥ ಸಜ್ಜುಗೊಳಿಸುವ ಕಾರ್ಯಾಗಾರವೊಂದನ್ನು ಕಣ್ಣ ಮುಂದೆ ತಂದುಕೊಳ್ಳಿ. ಬೆಂಗಳೂರಿನ ತಾರಾ ಹೋಟೆಲಿನ ಸಭಾಂಗಣ. ಕೋಟು ತೊಟ್ಟವರೂ ನಡುಗುವಷ್ಟು ಎಸಿ. ಬಾಗಿಲಲ್ಲಿ ಗುಲಾಬಿ, ಕೊರಳಿಗೆ ಬ್ಯಾಡ್ಜ್, ಕೈಗೊಂದು ಸೆಣಬಿನ ಚೀಲ. ಚೀಲದ ಮೇಲೆ ಹಸಿರು ಎಲೆಯ ಚಿತ್ರ. ಕಳೆನಾಶಕ ತಯಾರಿಸುವವರಿಗೂ ಎಲೆಯ ಮೇಲೆ ಅದೇನು ಮಮತೆಯೋ! ಬೆಳಿಗ್ಗೆ ಲಾಗಿನ್, ಮಧ್ಯಾಹ್ನ ಊಟ, ಊಟವಾದ ಮೇಲೆ ಡಿಜಿಟಲ್ ಸಹಿ. ಊಟದ ಮೇಜಿನ ಮೇಲೆ ಪುಟ್ಟ ಫಲಕವೊಂದಿತ್ತು: 'ಇಲ್ಲಿ ಸಾವಯವ ತರಕಾರಿಯನ್ನು ಮಾತ್ರ ಬಳಸಲಾಗಿದೆ.' ಕೀಟನಾಶಕ ಕಂಪನಿಗಳ ಪ್ರತಿನಿಧಿಗಳು ಅದನ್ನು ಓದಿ, ನೆಮ್ಮದಿಯಿಂದ ಎರಡನೇ ಸಲ ಪಲ್ಯ ಬಡಿಸಿಕೊಂಡರು.

ಪ್ರಶ್ನೋತ್ತರದ ವೇಳೆ ಒಬ್ಬರು ಎದ್ದು ನಿಂತರು.

"ಸರ್, ಇಲಿಗಳ ಮೇಲೆ ನಡೆಸಿದ ವಿಷಪರೀಕ್ಷೆಯ ವರದಿ ನಮ್ಮದು ಬಹಳ ದೊಡ್ಡದು. ಪೋರ್ಟಲ್ ನುಂಗುತ್ತಿಲ್ಲ."

"ತುಂಡು ಮಾಡಿ ಹಾಕಿ."

"ತುಂಡು ಮಾಡಿದರೆ ಇಲಿ ಮೊದಲನೇ ಭಾಗದಲ್ಲಿ ಆರೋಗ್ಯವಾಗಿರುತ್ತದೆ ಸರ್. ಸಾಯುವುದು ಏಳನೆಯದರಲ್ಲಿ."

"ತೊಂದರೆಯಿಲ್ಲ. ಮೊದಲನೆಯದು ಅಪ್‌ಲೋಡ್ ಆದರೆ ಸಾಕು, ಪರಿಶೀಲನೆ ಶುರುವಾಗುತ್ತದೆ."

"ಮುದ್ರಿತ ಪ್ರತಿ ಬೇಡ ತಾನೇ?"

"ಖಂಡಿತ ಬೇಡ. ಇದು ಕಾಗದರಹಿತ ವ್ಯವಸ್ಥೆ." ತರಬೇತುದಾರರು ಒಂದು ಗುಟುಕು ನೀರು ಕುಡಿದರು. "ಆದರೂ ಮೂರು ಪ್ರತಿ ಇಟ್ಟುಕೊಂಡಿರಿ. ಯಾರಾದರೂ ಕೇಳಿದರೆ?"

ನಗಬೇಡಿ, ಈ ಶಾಸ್ತ್ರಕ್ಕೆಲ್ಲ ಕಾರಣವಿದೆ. ಈ ಕಾಯ್ದೆ ಹುಟ್ಟಿದ್ದೇ ಸಾವಿನ ಮನೆಯಲ್ಲಿ. 1958ರಲ್ಲಿ ಗೋಧಿ ಹಿಟ್ಟಿನ ಜೊತೆ ಒಂದೇ ಹಡಗಿನಲ್ಲಿ ಬಂದ ಪ್ಯಾರಾಥಿಯಾನ್ ಎಂಬ ಕೀಟನಾಶಕ ಸೋರಿ, ಆ ಹಿಟ್ಟು ತಿಂದು ಕೇರಳದಲ್ಲಿ ನೂರಕ್ಕೂ ಹೆಚ್ಚು ಜನ ಸತ್ತರು. ವಿಚಾರಣಾ ಆಯೋಗ ಕೂತಿತು, ಎದ್ದಿತು. ಹತ್ತು ವರ್ಷಕ್ಕೆ ಕಾಯ್ದೆ ಬಂತು. ಕಾಯ್ದೆ ಬಂದಮೇಲೆ ಎಲ್ಲವೂ ಕ್ರಮಬದ್ಧವಾಯಿತು. ದಕ್ಷಿಣ ಕನ್ನಡದ ಕೊಕ್ಕಡದ ಸುತ್ತಿನ ಗೇರುತೋಪುಗಳ ಮೇಲೆ ಹೆಲಿಕಾಪ್ಟರಿನಿಂದ ಸುರಿದ ಎಂಡೋಸಲ್ಫಾನ್ ಕೂಡ ನೋಂದಣಿಯಾಗಿದ್ದ ಸರಕೇ. ಅದನ್ನು ತಡೆಯಲು ಸುಪ್ರೀಂ ಕೋರ್ಟ್ 2011ರ ಮೇ ತಿಂಗಳಲ್ಲಿ ಬಾಯಿ ತೆರೆಯಬೇಕಾಯಿತು. ಅಷ್ಟರಲ್ಲಿ ಅಲ್ಲಿನ ಮನೆಗಳಲ್ಲಿ ಹಾಸಿಗೆಯಿಂದ ಏಳಲಾರದ ಮಕ್ಕಳು ದೊಡ್ಡವರಾಗಿದ್ದರು.

ಇರಲಿ, ಪೋರ್ಟಲ್‌ಗೆ ಬರೋಣ. ಕಾಯ್ದೆಯ 9(3)ನೇ ಕಲಮಿನಡಿ ಹೊಸ ವಿಷ ತರುವವನು ಅದರ ಜಾತಕವನ್ನೆಲ್ಲ ಒಪ್ಪಿಸಬೇಕು. 9(4)ರ ದಾರಿ ಸಲೀಸು: ಒಬ್ಬನಿಗೆ ಈಗಾಗಲೇ ಸಿಕ್ಕಿದ್ದನ್ನು ಅದೇ ಷರತ್ತುಗಳ ಮೇಲೆ ನನಗೂ ಕೊಡಿ ಎಂದು ಯಾರು ಬೇಕಾದರೂ ಕೇಳಬಹುದು. ವ್ಯಾಪಾರದವರು ಇದನ್ನು 'ಮೀ ಟೂ' ಎನ್ನುತ್ತಾರೆ. ಶಾಲೆಯಲ್ಲಿ ಹಿಂದಿನ ಬೆಂಚಿನವನು ಕಾಪಿ ಹೊಡೆದರೆ ಬೆತ್ತ, ಇಲ್ಲಿ ಪ್ರಮಾಣಪತ್ರ. ಹೀಗಾಗಿ ಒಂದೇ ವಿಷ ಬೇರೆ ಬೇರೆ ಅಂಗಿ ತೊಟ್ಟು, ಸಿಡಿಲು, ಸುನಾಮಿ, ಯಮರಾಜನ ಸಂಬಂಧಿಕರ ಹೆಸರಿಟ್ಟುಕೊಂಡು ಗೊಬ್ಬರದಂಗಡಿಯ ಅಟ್ಟ ಏರುತ್ತದೆ. ರೈತ ಕಳೆದ ವಾರ ಸಿಡಿಲು ಹೊಡೆದು ಹುಳ ಸಾಯಲಿಲ್ಲವೆಂದು ಈ ವಾರ ಸುನಾಮಿ ಒಯ್ಯುತ್ತಾನೆ. ಒಳಗಿರುವುದು ಅದೇ. ಹುಳಕ್ಕೆ ಗೊತ್ತು, ರೈತನಿಗೆ ಗೊತ್ತಿಲ್ಲ.

ಡಬ್ಬಿಯ ಮೇಲೆ ಬರೆದಿರುವುದಿಲ್ಲವೇ? ಬರೆದಿರುತ್ತದೆ. ಚೀಟಿಯಲ್ಲಿ ಚೌಕವೊಂದು ತುದಿಯ ಮೇಲೆ ನಿಂತಿರುತ್ತದೆ, ಅದರ ಕೆಳಗಿನ ಅರ್ಧಕ್ಕೆ ಬಣ್ಣ: ಕೆಂಪಾದರೆ ಘೋರ ವಿಷ, ತಲೆಬುರುಡೆ ಸಹಿತ, ಹಳದಿ, ನೀಲಿ, ಕಡೆಗೆ ಹಸಿರು. ಹಸಿರೆಂದರೂ ವಿಷವೇ, ಪ್ರಮಾಣ ಕಡಿಮೆ ಅಷ್ಟೆ. ಹಾವೇರಿ ಕಡೆಯ ಮೆಣಸಿನಕಾಯಿ ಬೆಳೆಗಾರ ಮುಟುರಿದ ಎಲೆಯನ್ನು ಜೇಬಿನಿಂದ ತೆಗೆದು ಗಲ್ಲಾಪೆಟ್ಟಿಗೆಯ ಮೇಲಿಟ್ಟು ಹೇಳುವ ಮಾತೇ ಬೇರೆ: "ಹಸಿರು ಬೇಡ ಸಾಹುಕಾರರೇ, ಕೆಂಪು ಬಣ್ಣದ್ದೇ ಕೊಡಿ. ಥ್ರಿಪ್ಸ್ ಹುಳ ಉದುರಬೇಕು." ಎಚ್ಚರಿಕೆಯ ಚಿಹ್ನೆಯೇ ಗುಣಮಟ್ಟದ ಮುದ್ರೆಯಾಗಿದೆ. ಡಬ್ಬಿಗೆ ಅಂಟಿಸಿದ ಕರಪತ್ರ ಬಿಡಿಸಿದರೆ ಅಂಗೈಯಷ್ಟಿದ್ದದ್ದು ಪಂಚೆಯಷ್ಟಾಗುತ್ತದೆ. ಇಂಗ್ಲಿಷ್, ಹಿಂದಿ, ಪ್ರಾದೇಶಿಕ ಭಾಷೆಗಳು ಸಂತೆಗೆ ಬಂದಂತೆ ಒತ್ತೊತ್ತಾಗಿ ನಿಂತಿರುತ್ತವೆ. ಕನ್ನಡ ಇದ್ದರೂ ಇರುವೆ ಸಾಲಿನಷ್ಟು ಸಣ್ಣದು. ಪ್ರತಿವಿಷ ಯಾವುದೆಂಬುದು ಆ ಸಾಲಿನಲ್ಲೇ ಇದೆ. ಆಸ್ಪತ್ರೆಗೆ ಹೊತ್ತೊಯ್ಯುವವರು ಭೂತಗನ್ನಡಿಯನ್ನೂ ಒಯ್ಯಬೇಕು.

ಆದ್ದರಿಂದ ಯಾರೂ ಅದನ್ನು ಓದುವುದಿಲ್ಲ. ಅಂಗಡಿಯವರು ಸಿಗರೇಟು ಪ್ಯಾಕಿನ ಹಿಂಬದಿಯಲ್ಲಿ ಬರೆದುಕೊಡುತ್ತಾರೆ: ಇದು ಪಂಪಿಗೆ ಎರಡು ಮುಚ್ಚಳ, ಅದು ಒಂದೂವರೆ, ಜೊತೆಗೆ ಈ ಪುಡಿ. ಮೂರನ್ನೂ ಒಂದೇ ಬಕೆಟ್ಟಿನಲ್ಲಿ ಕೋಲಿನಿಂದ ತಿರುವಿ, ಮೂಗಿಗೆ ಟವೆಲ್ ಸುತ್ತಿ, ಬರಿಗಾಲಲ್ಲಿ ಹೊಲಕ್ಕಿಳಿದರಾಯಿತು. ಈ ಮುಚ್ಚಳದ ವಿಜ್ಞಾನಕ್ಕೆ ಯಾವ ತಾರಾ ಹೋಟೆಲಿನಲ್ಲೂ ಕಾರ್ಯಾಗಾರವಿಲ್ಲ.

ಗ್ಲೈಫೋಸೇಟ್ ಎಂಬ ಕಳೆನಾಶಕದ ಕತೆಯಂತೂ ಇನ್ನೂ ಸೊಗಸು. ಕಡತದ ಪ್ರಕಾರ ಅದು ಚಹಾ ತೋಟಕ್ಕೆ ಮತ್ತು ಬೆಳೆಯಿಲ್ಲದ ಜಾಗಕ್ಕೆ. ಮಲೆನಾಡಿನ ಅಡಿಕೆ ತೋಟಗಳಲ್ಲಿ ಹುಲ್ಲಿನ ಔಷಧಿಯೆಂದು ಅದನ್ನು ಹೊಡೆಯದವರನ್ನು ಹುಡುಕಬೇಕು. ಅಂದರೆ ಕಡತದ ಕಣ್ಣಿಗೆ ನಮ್ಮ ಅಡಿಕೆ ತೋಟ ಬೆಳೆಯಿಲ್ಲದ ಜಾಗ. 2022ರ ಅಕ್ಟೋಬರ್‌ನಲ್ಲಿ ಕೇಂದ್ರ ಸರ್ಕಾರ ಮತ್ತೂ ಒಂದು ಹೆಜ್ಜೆ ಮುಂದಿಟ್ಟು, ಇದನ್ನು ಕೀಟ ನಿಯಂತ್ರಕರ ಮೂಲಕವೇ ಬಳಸಬೇಕೆಂದು ಅಧಿಸೂಚಿಸಿತು. ಕೀಟ ನಿಯಂತ್ರಕರೆಂದರೆ ಬೆಂಗಳೂರಿನ ಅಪಾರ್ಟ್‌ಮೆಂಟಿಗೆ ಬಂದು ಜಿರಳೆ, ತಿಗಣೆಗಳ ಯೋಗಕ್ಷೇಮ ವಿಚಾರಿಸುವ ಮಹನೀಯರು. ಅವರು ತೀರ್ಥಹಳ್ಳಿಯ ತೋಟಕ್ಕೆ ಯಾವ ಬಸ್ಸಿನಲ್ಲಿ ಬರುತ್ತಾರೆ ಎಂಬುದನ್ನು ಅಧಿಸೂಚನೆ ಹೇಳಿಲ್ಲ.

ಇಷ್ಟಾಗಿಯೂ ಯಾವುದಾದರೂ ವಿಷ ವಿಪರೀತವಾಯಿತೆಂದು ರಾಜ್ಯ ಸರ್ಕಾರಕ್ಕೆ ಅನಿಸಿತೆನ್ನಿ. ಶಾಶ್ವತವಾಗಿ ತೆಗೆದುಹಾಕುವ ಅಧಿಕಾರ ದೆಹಲಿಯದು. ರಾಜ್ಯಕ್ಕೆ 27ನೇ ಕಲಮಿನಲ್ಲಿ ಸಿಗುವುದು 60 ದಿನದ ತಡೆ, ಬೇಕಾದರೆ ಮೇಲೆ 30 ದಿನ. ಆ ಅವಧಿಯಲ್ಲಿ ಅಂಗಡಿಯವರು ಡಬ್ಬಿಗಳನ್ನು ಹಿಂದಿನ ಕೋಣೆಯಲ್ಲಿ ಗೋಡೆಗೊತ್ತಿ ಪೇರಿಸಿ, ಮೇಲೊಂದು ತಾಡಪಾಲು ಹೊದಿಸಿ, ಕ್ಯಾಲೆಂಡರಿನಲ್ಲಿ ದಿನಕ್ಕೊಂದು ಗೆರೆ ಎಳೆಯುತ್ತಾರೆ. ಗಡುವು ಮುಗಿದ ಮರುದಿನ ಬೆಳಿಗ್ಗೆ ತಾಡಪಾಲು ಸರಿಯುತ್ತದೆ, ಡಬ್ಬಿಗಳು ಮುಂದಿನ ಸಾಲಿಗೆ ಬರುತ್ತವೆ. ಅದಕ್ಕೆ ಲಾಗಿನ್ ಬೇಡ, ಒಟಿಪಿಯೂ ಬೇಡ.