ಗುಮ್ಮನ ಹಗಲುವೇಷ

ನಮ್ಮ ಭಾವಮೈದನಿಗೆ ನಿದ್ದೆ ಹತ್ತುತ್ತಿಲ್ಲ. ರಕ್ಕಸನ ಸೀರೀಸ್ ನೋಡಿ ಹೆದರಿಕೊಂಡಿದ್ದಾನೆ ಅಂತ ನೀವು ತಿಳಿದರೆ ಅದು ಅವನಿಗೆ ಅವಮಾನ. ಹೆದರಿಕೆ ಆಗಲೇ ಇಲ್ಲವಲ್ಲ ಎಂಬ ಸಂಕಟಕ್ಕೆ ನಿದ್ದೆ ಹೋಗಿದೆ. ‘ಏಲಿಯನ್’ ಸಿನಿಮಾಗಳ ಬಾಲ ಹಿಡಿದು ಬಂದ ಟಿವಿ ಸೀರೀಸ್ ‘ಏಲಿಯನ್: ಅರ್ಥ್’ 2025ರ ಆಗಸ್ಟ್ 12ಕ್ಕೆ ಶುರುವಾಗಿ, ಎಂಟು ಕಂತು ಓಡಿ, ಸೆಪ್ಟೆಂಬರ್ 23ಕ್ಕೆ ಮುಗಿಯಿತು. ಇವನ ತಕರಾರು ಮಾತ್ರ ಮುಗಿದಿಲ್ಲ.

“ಭಾವ, ಅದರ ಕಾಲು ನೋಡಿದ್ರಾ?”

“ಯಾವುದರದ್ದೋ?”

“ಝೀನೋಮಾರ್ಫ್‌ದು, ಆ ರಕ್ಕಸಂದು. ಮಂಡಿ ಥೇಟ್ ಮನುಷ್ಯನ ಮಂಡಿ. ಓಡುವಾಗ ಬಸ್ಸು ತಪ್ಪಿಸಿಕೊಂಡವನ ಹಾಗೆ ಓಡುತ್ತೆ.”

“ಒಳಗೆ ಮನುಷ್ಯನೇ ಇದ್ದಾನಲ್ಲೋ ಮಾರಾಯ.”

“ಅದನ್ನೇ ಹೇಳ್ತಿರೋದು ಭಾವ! ಇದ್ದಾನೆ ಅಂತ ಗೊತ್ತಾಗಬಾರದು!”

ಗೊತ್ತಿರುವುದನ್ನು ಗೊತ್ತಾಗಬಾರದು ಎಂದು ಹಟ ಹಿಡಿಯುವುದಕ್ಕೆ ಅಭಿಮಾನ ಎನ್ನುತ್ತಾರೆ. ಇದು ನಮ್ಮ ಹುಡುಗನೊಬ್ಬನ ಕಾಯಿಲೆಯಲ್ಲ. ಆ ಆರೇಳು ವಾರ ಅಭಿಮಾನಿ ಲೋಕವೆಲ್ಲ ಟೇಪು ಹಿಡಿದು ಕೂತಿತ್ತು. ತಲೆಯ ಉದ್ದ ಸರಿಯೇ, ಬಾಲ ಸಾಲದೇ, ಜೊಲ್ಲಿನ ಹದ ಹೇಗೆ, ಬೆನ್ನಿನ ಕೊಳವೆಗಳು ಎಲ್ಲಿ. ದರ್ಜಿಯೂ ಮದುಮಗನನ್ನು ಇಷ್ಟು ಅಳೆಯುವುದಿಲ್ಲ. ಅಳತೆಯೆಲ್ಲ ಮುಗಿಸಿ, ಪಟ್ಟಿ ಬರೆದು, ಕೊನೆಗೊಂದು ಷರಾ: ಯಾಕೋ ಭಯವಾಗಲಿಲ್ಲ.

ಗುಮ್ಮ ಬಂತು ಅಂದರೆ ಸಾಕಿತ್ತು, ಮಗು ಸೆರಗಿನೊಳಗೆ ಮುಖ ಹುದುಗಿಸುತ್ತಿತ್ತು. ಗುಮ್ಮನಿಗೆ ಎಷ್ಟು ಹಲ್ಲು ಎಂದು ಯಾವ ಮಗುವೂ ಕೇಳಿದ್ದಿಲ್ಲ, ಯಾವ ತಾಯಿಯೂ ಹೇಳಿದ್ದಿಲ್ಲ. 1979ರ ಮೊದಲ ‘ಏಲಿಯನ್’ ಚಿತ್ರದಲ್ಲಿ ಈ ಜೀವಿಗೆ ಹೆಸರೂ ಇರಲಿಲ್ಲ. ‘ಝೀನೋಮಾರ್ಫ್’ ಎಂಬ ಪದ ಬಂದದ್ದು 1986ರ ಎರಡನೇ ಚಿತ್ರದಲ್ಲಿ. ಅದನ್ನೂ ಆಡಿದವನು ಅಂಥದೊಂದು ಪ್ರಾಣಿಯನ್ನು ಕಣ್ಣಿಂದ ಕಾಣದ ಒಬ್ಬ ಲೆಫ್ಟಿನೆಂಟ್, ಆಫೀಸಿನ ವರದಿ ಓದುವ ದನಿಯಲ್ಲಿ. ಹೆಸರು ಬಿದ್ದದ್ದೇ ತಡ, ಗುಮ್ಮನಿಗೆ ಕುಲಗೋತ್ರ, ವಂಶವೃಕ್ಷ, ಹೆರಿಗೆಯ ಲೆಕ್ಕ ಎಲ್ಲ ಹುಟ್ಟಿಕೊಂಡವು. ಮರಿ ಎದೆ ಸೀಳಿಕೊಂಡು ಬರಲು ಎಷ್ಟು ಗಂಟೆ ಬೇಕು ಎಂಬುದರ ಮೇಲೆ ನಡೆದಿರುವಷ್ಟು ಚರ್ಚೆ ಮನುಷ್ಯರ ಬಸಿರು ಬಾಣಂತನದ ಮೇಲೂ ನಡೆದಿರಲಿಕ್ಕಿಲ್ಲ.

ಹೋಗಲಿ, ಒಳಗಿನ ಮನುಷ್ಯನ ವಿಷಯಕ್ಕೆ ಬರೋಣ. ನನಗೆ ಅವನ ಮೇಲೇ ಹೆಚ್ಚು ಪ್ರೀತಿ.

1979ರ ಆ ಪರಮಪವಿತ್ರ ರಕ್ಕಸನ ಒಳಗಿದ್ದವನು ಬೊಲಾಜಿ ಬಡೇಜೊ. ನೈಜೀರಿಯಾದ ಹುಡುಗ, ಲಂಡನ್ನಿನಲ್ಲಿ ವಿನ್ಯಾಸ ಓದುತ್ತಿದ್ದ. ಎತ್ತರ 6 ಅಡಿ 10 ಇಂಚು. ಚಿತ್ರದವರಿಗೆ ಸಿಕ್ಕಿದ್ದು ಒಂದು ಪಬ್ಬಿನಲ್ಲಿ. ಅದುವರೆಗೆ ನಟನೆಯ ಗಂಧವಿಲ್ಲ. ಮೈ ನಿಧಾನ ಆಡಿಸುವುದು ಕಲಿಯಲಿ ಎಂದು ತೈ ಚಿ, ಮೂಕಾಭಿನಯದ ಪಾಠಕ್ಕೆ ಹಾಕಿದರು. ರಬ್ಬರಿನ ಆ ಚರ್ಮ ತೊಟ್ಟ ಮೇಲೆ ಬಾಲ ಅಡ್ಡ ಬಂದು ಕುರ್ಚಿಯಲ್ಲಿ ಕೂರಲು ಆಗುತ್ತಿರಲಿಲ್ಲವಂತೆ. ಅದಕ್ಕೇ ಅವನಿಗೊಂದು ಉಯ್ಯಾಲೆ ಕಟ್ಟಿಸಿಕೊಟ್ಟರು. ಒಂದು ಗಳಿಗೆ ಊಹಿಸಿಕೊಳ್ಳಿ: ಬ್ರಹ್ಮಾಂಡದ ಅತಿ ಭಯಂಕರ ಜೀವಿ ಶಾಟ್ ಮುಗಿಸಿ ಬಂದು ಉಯ್ಯಾಲೆಯಲ್ಲಿ ಕೂತು ಕಾಲು ಆಡಿಸುತ್ತಿದೆ. ಅವನ ಜೊತೆಗೆ ಎಡ್ಡಿ ಪೊವೆಲ್, ರಾಯ್ ಸ್ಕ್ಯಾಮೆಲ್ ಎಂಬಿಬ್ಬರು ಸ್ಟಂಟಿನವರೂ ಅದೇ ವೇಷ ತೊಟ್ಟರು. ಅಂದರೆ ಒಂದಲ್ಲ, ಸರದಿಯ ಮೇಲೆ ಮೂರು ಮನುಷ್ಯರು. ವೇಷ ಪೂರ್ತಿ ಕಂಡರೆ ವೇಷವಾಗಿಯೇ ಕಾಣುತ್ತದೆ ಎಂಬ ಅರಿವು ನಿರ್ದೇಶಕ ರಿಡ್ಲಿ ಸ್ಕಾಟ್‌ಗೆ ಇತ್ತು. ಆದ್ದರಿಂದ ಇಡೀ ಚಿತ್ರದಲ್ಲಿ ಅದು ಕಾಣುವುದು ಕೆಲವೇ ನಿಮಿಷ. ಅದೂ ಹೊಗೆ, ಕತ್ತಲೆ, ತುಣುಕು ತುಣುಕು. ಕೊನೆಯ ದೃಶ್ಯದಲ್ಲಿ ಬಾಗಿಲಾಚೆ ಹಾರಿ ಬೀಳುವಾಗ ನೋಡಿ, ಮನುಷ್ಯನೇ. ಆಗ ಯಾರೂ ಮಂಡಿ ನೋಡಲಿಲ್ಲ, ಯಾಕೆಂದರೆ ತಮ್ಮ ಮಂಡಿಯೇ ನಡುಗುತ್ತಿತ್ತು.

ಬಡೇಜೊ ಮತ್ತೆ ಯಾವ ಚಿತ್ರದಲ್ಲೂ ಕಾಣಿಸಲಿಲ್ಲ. 1992ರಲ್ಲಿ ತೀರಿಕೊಂಡ, ಇನ್ನೂ ನಲವತ್ತು ತುಂಬಿರಲಿಲ್ಲ. ಈ ಸಲ ಒಳಗಿದ್ದವನು ಕ್ಯಾಮರಾನ್ ಬ್ರೌನ್. ಹೆಸರನ್ನು ನಾನೂ ಹುಡುಕಿಯೇ ತಿಳಿದುಕೊಂಡೆ ಎಂಬುದನ್ನು ನಾಚಿಕೆಯಿಂದ ಒಪ್ಪಿಕೊಳ್ಳುತ್ತೇನೆ. ಅವನ ಮಂಡಿಯನ್ನು ಹೀಯಾಳಿಸಿದವರಲ್ಲಿ ಎಷ್ಟು ಜನ ಹುಡುಕಿದರೋ.

“ಹಳೇದರಲ್ಲಿ ಕೈಕೆಲಸ ಇತ್ತು ಭಾವ, ಈಗೆಲ್ಲ ಕಂಪ್ಯೂಟರ್” ಎನ್ನುತ್ತಾನೆ ನಮ್ಮ ಹುಡುಗ. ಐದು ನಿಮಿಷದ ಹಿಂದೆ ‘ವೇಷದೊಳಗೆ ಮನುಷ್ಯ ಕಾಣ್ತಾನೆ’ ಅಂದವನೂ ಇವನೇ. ಎರಡೂ ದೂರು ಒಂದೇ ಬಾಯಲ್ಲಿ ಅಕ್ಕಪಕ್ಕದ ಮನೆ ಮಾಡಿಕೊಂಡಿವೆ. ಆದರೆ ಕೈಕೆಲಸ ಇತ್ತು ಅನ್ನುವುದು ನಿಜ, ಅಕ್ಷರಶಃ ನಿಜ. ಮೊದಲ ಚಿತ್ರದಲ್ಲಿ ಮೊಟ್ಟೆಯೊಳಗೆ ಏನೋ ಮಿಸುಕುತ್ತದಲ್ಲ, ಅದು ರಿಡ್ಲಿ ಸ್ಕಾಟ್‌ನ ಸ್ವಂತ ಕೈ, ರಬ್ಬರ್ ಗವಸು ತೊಟ್ಟದ್ದು. ಸ್ವಿಸ್ ಕಲಾವಿದ ಎಚ್. ಆರ್. ಗೀಗರ್ ಆ ರಕ್ಕಸನನ್ನು ಕಟ್ಟಿದ್ದು ಹಾವಿನ ಬೆನ್ನುಮೂಳೆ, ರೋಲ್ಸ್ ರಾಯ್ಸ್ ಕಾರಿನ ಕೊಳವೆ ಇಂಥವನ್ನೆಲ್ಲ ಸೇರಿಸಿ. ಗುಜರಿಯಿಂದ ಹುಟ್ಟಿದ ದೇವರು. ನಲವತ್ತಾರು ವರ್ಷದ ಪೂಜೆಯಲ್ಲಿ ಆ ಗುಜರಿಗೆ ಮಡಿ ಬಂದುಬಿಟ್ಟಿದೆ, ಈಗ ಯಾರೂ ಮುಟ್ಟುವ ಹಾಗಿಲ್ಲ.

ಮುಟ್ಟಿದವರ ಗತಿ ನೋಡಿ. 1986ರ ಎರಡನೇ ಚಿತ್ರದ ನಿರ್ದೇಶಕ ಜೇಮ್ಸ್ ಕ್ಯಾಮರೂನ್ ತಲೆಯ ಮೇಲಿನ ನುಣುಪು ಗುಮ್ಮಟ ತೆಗೆದು ಗೀರುಗೀರಾದ ತಲೆ ಇಟ್ಟ. ಗುಮ್ಮಟ ಒಡೆದುಹೋಗುತ್ತದೆ ಎಂಬುದು ಕಾರಣ. ಅಭಿಮಾನಿಗಳು ಅದಕ್ಕೊಂದು ಜೀವಶಾಸ್ತ್ರವನ್ನೇ ಬರೆದರು. ವಯಸ್ಸಾದರೆ ಗೀರು ಬರುತ್ತದೆ, ಇಲ್ಲ, ಜಾತಿಯೇ ಬೇರೆ. 2012ರಲ್ಲಿ, 2017ರಲ್ಲಿ ರಿಡ್ಲಿ ಸ್ಕಾಟ್ ತಾನೇ ಬಂದು ಈ ಜೀವಿಯ ಹುಟ್ಟಿನ ಗುಟ್ಟು ಹೇಳತೊಡಗಿದ. “ಯಾರು ಕೇಳಿದರು ನಿನ್ನನ್ನ? ಗುಟ್ಟಾಗಿದ್ದರೇ ಚೆನ್ನಾಗಿತ್ತು” ಎಂದರು. ಈ ಸೀರೀಸನ್ನು ಕಟ್ಟಿದ ನೋವಾ ಹಾಲಿ ಆ ಗುಟ್ಟಿನ ಗೋಜಿಗೆ ಹೋಗದೆ ಮೊದಲ ಚಿತ್ರದ ದಾರಿ ಹಿಡಿದರು. “ಅದನ್ನು ಹ್ಯಾಗೆ ಬಿಟ್ಟೆ?” ಎಂದರು ಅದೇ ಅಭಿಮಾನಿಗಳು. ಕೂತರೆ ಕೂತ, ನಿಂತರೆ ನಿಂತ.

ಪ್ರೀಕ್ವೆಲ್, ಅಂದರೆ ಮೊದಲ ಕತೆಗೂ ಹಿಂದಿನ ಕತೆ, ಎಂಬುದೇ ಮೊಮ್ಮಗನ ಮದುವೆ ಚಪ್ಪರ ಬಿಚ್ಚಿದ ಮೇಲೆ ಅಜ್ಜನ ನಾಮಕರಣ ಇಟ್ಟುಕೊಂಡ ಹಾಗೆ. ಬಂದವರಿಗೆಲ್ಲ ಅಜ್ಜ ಮುಂದೆ ಏನಾಗುತ್ತಾನೆ ಎಂದು ಗೊತ್ತು; ತೊಟ್ಟಿಲಲ್ಲಿ ಮೀಸೆ ಇಲ್ಲವಲ್ಲ ಎಂಬುದೇ ಅವರ ಆಕ್ಷೇಪ. ಮೊದಲ ಚಿತ್ರದ ಕತೆ ನಡೆಯುವುದು 2122ರಲ್ಲಿ, ಇದು 2120ರಲ್ಲಿ. ಹಾಗಾಗಿ ಇಲ್ಲಿನ ಹಡಗು ಮ್ಯಾಜಿನೋ ಅಲ್ಲಿನ ನಾಸ್ಟ್ರೋಮೋವನ್ನೇ ಹೋಲಬೇಕು, ಕಂಪ್ಯೂಟರುಗಳು ಡಬ್ಬದ ಹಾಗಿರಬೇಕು, ಹಸಿರು ಅಕ್ಷರ ಕುಟುಕುಟು ಎನ್ನಬೇಕು. ಮಕ್ಕಳ ಮನಸ್ಸನ್ನು ಯಂತ್ರದ ಮೈಗೆ ತುಂಬಬಲ್ಲ ಯುಗದಲ್ಲಿ ಚಪ್ಪಟೆ ಪರದೆಯೊಂದನ್ನು ಮಾಡಲು ಬರುವುದಿಲ್ಲ. ವಿಚಿತ್ರವೆಂದರೆ, ಇದೊಂದನ್ನು ಮಾತ್ರ ಎಲ್ಲರೂ ಮೆಚ್ಚಿದರು! ಡಬ್ಬದ ಟಿವಿ ಕಂಡು ಕಣ್ಣಲ್ಲಿ ನೀರು ತುಂಬಿಕೊಂಡವರನ್ನು ನಾನು ಬಲ್ಲೆ. ಒಬ್ಬ ಈ ಸಾಲುಗಳ ಲೇಖಕ.

ಇನ್ನು ಧಾಟಿ. ‘ಟೋನ್ ಸರಿಯಿಲ್ಲ’ ಎಂಬ ಮಾತಿಗೆ ಒಂದು ಅನುಕೂಲವಿದೆ: ಅದನ್ನು ಯಾರೂ ಸುಳ್ಳೆಂದು ತೋರಿಸಲಾರರು. ಪ್ರತಿ ಕಂತಿನ ಕೊನೆಗೆ ಹಾರ್ಡ್ ರಾಕ್ ಹಾಡು ಗುಡುಗುತ್ತದೆ, ಕಷ್ಟಪಟ್ಟು ಕೂಡಿಸಿಕೊಂಡ ಭಯವೆಲ್ಲ ಹಾರಿಹೋಗುತ್ತದೆ ಎಂದರು. ಇದಕ್ಕೆ ನನ್ನ ಅರ್ಧ ವೋಟು ಇದೆ. ಬೆಳ್ಳನೆಯ ವಿಗ್ಗು ತೊಟ್ಟು ಹಳೇ ಫ್ರೆಂಚ್ ದೊರೆಗಳ ವೇಷದಲ್ಲಿ ಪಾರ್ಟಿ ಮಾಡುತ್ತಿದ್ದ ಶ್ರೀಮಂತರನ್ನು ರಕ್ಕಸ ಸಿಗಿದು ಹಾಕಿದ್ದು ನಗೆ ತರಿಸಿತು ಎಂದರು. ನಗೆ ಬರಲಿ ಎಂದೇ ಮಾಡಿದ್ದು ಸ್ವಾಮಿ. ಎಲ್ಲಕ್ಕಿಂತ ದೊಡ್ಡ ದೂರು ಪೀಟರ್ ಪ್ಯಾನ್‌ನದು, ದೊಡ್ಡವನಾಗಲೊಲ್ಲದ ಹುಡುಗನ ಆ ಹಳೇ ಇಂಗ್ಲಿಷ್ ಮಕ್ಕಳ ಕತೆಯದು. ಬಾಯ್ ಕ್ಯಾವಲಿಯರ್ ಎಂಬ ಬರಿಗಾಲಿನ ಶ್ರೀಮಂತ ಹುಡುಗ ತನ್ನ ದ್ವೀಪಕ್ಕೆ ನೆವರ್‌ಲ್ಯಾಂಡ್ ಎಂದು ಹೆಸರಿಟ್ಟು, ಯಂತ್ರದ ಮೈಯೊಳಗಿನ ಮಕ್ಕಳಿಗೆ ವೆಂಡಿ, ಕರ್ಲಿ, ನಿಬ್ಸ್, ಟೂಟಲ್ಸ್ ಎಂದು ಕರೆದು, ಪೀಟರ್ ಪ್ಯಾನ್ ಪುಸ್ತಕವನ್ನೇ ಓದಿ ಹೇಳುತ್ತಾನೆ. “ಇದು ಹಾರರ್ರೋ ಮಕ್ಕಳ ಕತೆಯೋ? ಅವರೆಲ್ಲ ಚಿಕ್ಕ ಮಕ್ಕಳ ಹಾಗೆ ಆಡ್ತಾರೆ” ಎಂದರು. ಅವರು ಚಿಕ್ಕ ಮಕ್ಕಳು. ಮೊದಲ ಕಂತಿನ ಮೊದಲ ಅರ್ಧದಲ್ಲೇ ಹೇಳಿದ್ದಾರೆ. ಆಗ ನೀವು ಬಾಲ ಅಳೆಯುತ್ತಿದ್ದಿರಿ.

ಅಷ್ಟಕ್ಕೂ ‘ಏಲಿಯನ್ ಟೋನ್’ ಎಂದರೆ ಯಾವುದು? ಮೊದಲನೆಯದು ದೆವ್ವದ ಮನೆಯ ಕತೆ, ಮನೆ ಆಕಾಶದಲ್ಲಿದೆ ಅಷ್ಟೆ. ಎರಡನೆಯದು ಯುದ್ಧದ ಚಿತ್ರ. 1992ರ ಮೂರನೆಯದರಲ್ಲಿ ಬೋಳುತಲೆಯ ಕೈದಿಗಳು ದೇವರ ಧ್ಯಾನ ಮಾಡುತ್ತಾರೆ. 1997ರ ನಾಲ್ಕನೆಯದು ಯಾವ ಜಾತಿಯೋ ಅದನ್ನು ತೆಗೆದವರೇ ಹೇಳಬೇಕು. ಮೂರನೆಯದು ಬಂದಾಗ ಉಗಿದಿದ್ದರು. ಎರಡನೆಯದರಲ್ಲಿ ಬದುಕಿ ಉಳಿದ ಪುಟ್ಟ ಹುಡುಗಿಯನ್ನು ಆರಂಭದಲ್ಲೇ ಸಾಯಿಸಿದ್ದಕ್ಕೆ. ಈಗ ಅದನ್ನೇ “ಎಂಥಾ ಧೈರ್ಯ ರೀ!” ಎನ್ನುವವರಿದ್ದಾರೆ. ಸತ್ತ ಎಮ್ಮೆಗೆ ಹಾಲು ಹೆಚ್ಚು. ಈ ಸೀರೀಸಿಗೂ ಇನ್ನು ಹದಿನೈದು ವರ್ಷ ಕಳೆದ ಮೇಲೆ ಹಾಲು ಕರೆಯುತ್ತಾರೆ, ತಪ್ಪದು.

ಏಳನೇ ಕಂತಿನ ಹೊತ್ತಿಗೆ ಗದ್ದಲ ನೆತ್ತಿಗೇರಿತು. ರಕ್ಕಸ ಹಾಡಹಗಲೇ, ಹಸಿರು ಕಾಡಿನಲ್ಲಿ, ಬಿಸಿಲಲ್ಲಿ ಬಂದುಬಿಟ್ಟಿತು. ಸಾಲದ್ದಕ್ಕೆ ವೆಂಡಿ ಅದರ ಭಾಷೆ ಕಲಿತು, ಗಂಟಲಲ್ಲಿ ಕಟಕಟ ಸದ್ದು ಮಾಡಿ, ಹೇಳಿದ ಕೆಲಸ ಮಾಡಿಸುತ್ತಾಳೆ. “ನಾಯಿಮರಿ ಮಾಡಿಬಿಟ್ರು ಭಾವ!” ಎಂದು ಅವನು ಕೂಗಿದ್ದು ಪಕ್ಕದ ಮನೆಗೂ ಕೇಳಿರಬೇಕು. ಹಗಲುವೇಷದವನನ್ನು ಹಗಲಲ್ಲಿ ನೋಡಿ ‘ಇದು ವೇಷ’ ಎಂದು ಕಂಡುಹಿಡಿದವನ ಹೆಮ್ಮೆಯೂ ಆ ದನಿಯಲ್ಲಿ ಸ್ವಲ್ಪ ಇತ್ತು. ಆದರೂ ಅವನ ಮಾತನ್ನು ಪೂರ್ತಿ ತಳ್ಳಿಹಾಕಲಾರೆ. ಬಿಸಿಲಿಗೆ ತಂದ ಗುಮ್ಮ ಬಡಕಲಾಗಿ ಕಾಣುತ್ತದೆ, ಅದು ಹೌದು. ಆದರೆ ಬಿಸಿಲಿಗೆ ಮೊದಲು ಎಳೆದು ತಂದವರು ಯಾರು? ಅದರ ಆಟಿಕೆ ಕೊಂಡು ಕಪಾಟಿನಲ್ಲಿಟ್ಟು ವಾರಕ್ಕೊಮ್ಮೆ ಧೂಳು ಒರೆಸುವವರು, ಈಗ ಅದು ಪಳಗಿಬಿಟ್ಟಿದೆ ಎಂದು ಅಳುತ್ತಿದ್ದಾರೆ.

ಇಲ್ಲಿಯವರೆಗೆ ನಗುತ್ತಾ ಬರೆದೆ. ಒಂದು ವಿಷಯಕ್ಕೆ ನಗು ಬರುವುದಿಲ್ಲ. ಈ ಕತೆಯಲ್ಲಿ ಐದು ಕಂಪನಿಗಳು ಭೂಮಿಯನ್ನು ಹಂಚಿಕೊಂಡಿವೆ. ಒಂದು ಕಂಪನಿ ಸಾಯುತ್ತಿರುವ ಮಕ್ಕಳ ಮನಸ್ಸನ್ನು ಯಂತ್ರಕ್ಕೆ ತುಂಬಿ ಅವರನ್ನು ತನ್ನ ಸರಕಾಗಿಸುತ್ತದೆ. ತಂಗಿ ಸತ್ತಳೆಂದೇ ವೆಂಡಿಯ ಅಣ್ಣ ನಂಬಿ ಬದುಕಿರುತ್ತಾನೆ. ನಿಬ್ಸ್ ಎಂಬ ಹುಡುಗಿ ಕಂಡದ್ದನ್ನು ತಾಳಲಾರದೆ ಕುಸಿದಾಗ ಅವಳ ನೆನಪನ್ನು ಹಲಗೆ ಒರೆಸಿದ ಹಾಗೆ ಅಳಿಸುತ್ತಾರೆ. ಬೇಡ ಎಂದ ಒಬ್ಬನೇ ಒಬ್ಬ ವಿಜ್ಞಾನಿಯ ಕೆಲಸ ಹೋಗುತ್ತದೆ. ಅವಳು ಎದ್ದು, ಏನೂ ಆಗದವಳಂತೆ ನಗುತ್ತಾಳೆ. ನನಗೆ ಹೊಟ್ಟೆ ತೊಳಸಿತು. ಇದು ಬಂದ ರಾತ್ರಿಯೂ ಎಲ್ಲರೂ ಬಡಿದಾಡಿಕೊಂಡದ್ದು ತಲೆಯ ಗುಮ್ಮಟದ ಬಗ್ಗೆ. ಹಾರರ್ ಎಲ್ಲಿ, ಹಾರರ್ ಎಲ್ಲಿ ಎಂದು ಕೇಳುತ್ತಾರೆ. ಇನ್ನೆಲ್ಲಿ ಹುಡುಕಿಕೊಡಬೇಕು? ಮಗುವಿನ ತಲೆ ಒರೆಸಿದ್ದು ಕಾಣದವರಿಗೆ ಹತ್ತು ಹಲ್ಲು ಹೆಚ್ಚಿಗೆ ಇಟ್ಟರೆ ಕಂಡುಬಿಡುತ್ತದೆಯೇ? ನನಗೆ ಸಾಕಾಗಿದೆ.

ಸರಿ, ಕುರಿಯ ಮಾತು ಹೇಳಿ ಮುಗಿಸುತ್ತೇನೆ.

ಈ ಸೀರೀಸಿನಲ್ಲಿ ಹೊಸ ಜೀವಿಗಳೂ ಇದ್ದವು. ರಕ್ತ ಹೀರುವ ಉಣ್ಣಿ, ಲೋಹ ತಿನ್ನುವ ನೊಣ, ಮತ್ತು ಒಂದು ಕಣ್ಣು. ಬರೀ ಕಣ್ಣು. ಅದಕ್ಕೆ ಬಳುಕುವ ಕಾಲುಗಳು, ಒಂದೇ ಗುಡ್ಡೆಯಲ್ಲಿ ಹಲವು ಪಾಪೆಗಳು. ಸಿಕ್ಕವರ ಕಣ್ಣು ಕಿತ್ತು ಆ ಗುಳಿಯಲ್ಲಿ ತಾನು ಕೂತು ಮೈಯನ್ನೆಲ್ಲ ಆಳುತ್ತದೆ. ಅದನ್ನೊಂದು ಕುರಿಯೊಳಗೆ ಬಿಡುತ್ತಾರೆ. ಕುರಿ ಸುಮ್ಮನೆ ನಿಂತು ನೋಡುತ್ತದೆ. ಓಡುವುದಿಲ್ಲ, ಕಚ್ಚುವುದಿಲ್ಲ, ಜೊಲ್ಲಿಲ್ಲ. ನೋಡುತ್ತದೆ ಅಷ್ಟೆ. ಅಭಿಮಾನಿಗಳು ತಣ್ಣಗಾದರು. ಆ ಆರೇಳು ವಾರದಲ್ಲಿ ಎಲ್ಲರೂ ಒಟ್ಟಿಗೆ ಬೆವರಿದ್ದು ಆ ಕುರಿಗೆ. ಮೈ ತುಂಬ ಉಣ್ಣೆ ಹೊತ್ತ, ಮೆಲುಕು ಹಾಕುವ ಪ್ರಾಣಿಗೆ. ಯಾಕೆಂದರೆ ಅದರ ಜಾತಕ ಯಾರ ಕೈಯಲ್ಲೂ ಇರಲಿಲ್ಲ. ಕೊನೆಯ ಕಂತಿನಲ್ಲಿ ಅದು ಕುರಿಯನ್ನು ಬಿಟ್ಟು ಕಡಲದಂಡೆಯ ಹೆಣವೊಂದರೊಳಗೆ ಹೊಕ್ಕಾಗ ನಮ್ಮ ಹುಡುಗ ಉಗುರು ಕಚ್ಚುತ್ತಿದ್ದುದನ್ನು ನಾನು ಕಣ್ಣಾರೆ ಕಂಡೆ. ಖುಷಿಯಾಯಿತು. ಪರವಾಗಿಲ್ಲ, ಇನ್ನೂ ಹೆದರಬಲ್ಲ.

ಎರಡನೇ ಸೀಸನ್ ಬರುತ್ತದೆಂದು ಘೋಷಣೆಯೂ ಆಯಿತು. ಮೊನ್ನೆ ರಾತ್ರಿ ಹನ್ನೊಂದಕ್ಕೆ ಅವನ ಫೋನು.

“ಭಾವ, ಮಲಗಿಬಿಟ್ರಾ? ಆ ಕಣ್ಣಿನ ದೃಶ್ಯಗಳನ್ನೆಲ್ಲ ನಿಲ್ಲಿಸಿ ನಿಲ್ಲಿಸಿ ನೋಡಿದೆ. ಪಾಪೆ ಎಷ್ಟಿದೆ ಅಂತ ಲೆಕ್ಕ ಬರೆದಿಟ್ಟುಕೊಂಡಿದ್ದೀನಿ. ಮುಂದಿನ ಸಲ ಅದರಲ್ಲಿ ಒಂದೇ ಒಂದು ಕಡಿಮೆಯಾಗಲಿ, ಆಮೇಲೆ ಹೇಳ್ತೀನಿ ಅವರಿಗೆ.”