ಎರಡನೇ ಸಾಲಿನ ಅನಾಮಿಕ ನಂಬರು

ಆರ್ಡರ್ ಬಂತು, ದುಡ್ಡು ಬಂತು, ಡಬ್ಬಕ್ಕೆ ಟೇಪು ಸುತ್ತಿದ್ದೂ ಆಯ್ತು. ಲೇಬಲ್ ಪ್ರಿಂಟ್ ಕೊಡುವ ಹೊತ್ತಿಗೆ ಸರಿಯಾಗಿ ಕಣ್ಣಿಗೆ ಬೀಳುತ್ತೆ: ವಿಳಾಸದ ಎರಡನೇ ಸಾಲಿನಲ್ಲಿ ಅಕ್ಷರ, ಅಂಕಿ ಎಲ್ಲ ಸೇರಿದ ಒಂದು ಕಲಸುಮೇಲೋಗರ. ಮನೆ ನಂಬರಲ್ಲ, ಫೋನ್ ನಂಬರಲ್ಲ, ಪೋಸ್ಟಲ್ ಕೋಡಂತೂ ಅಲ್ಲವೇ ಅಲ್ಲ.

ಆನ್‌ಲೈನಿನಲ್ಲಿ ಮಾರುವವರು ಆಗ ಮಾಡುವ ಮೊದಲ ಕೆಲಸ, ಕೊಂಡವರಿಗೆ ಮೆಸೇಜು. "ನಿಮ್ಮ ವಿಳಾಸದಲ್ಲಿ ಒಂದು ನಂಬರಿದೆಯಲ್ಲ, ಏನದು?" ಅತ್ತಲಿಂದ, "ಯಾವ ನಂಬರು?" ಪಾಪ, ಅವರು ಅದನ್ನು ಕಂಡೇ ಇಲ್ಲ, ಆರ್ಡರ್ ಆದಮೇಲೆ ಮಾರಾಟದ ತಾಣವೇ ತುರುಕಿದ್ದು. ನಂಬರನ್ನು ಕಾಪಿ ಮಾಡಿ ಕಳಿಸಿದರೆ ಅವರಿಗೆ ಗಾಬರಿ: "ನನ್ನ ಅಕೌಂಟಿಗೆ ಯಾರಾದರೂ ಕನ್ನ ಹಾಕಿದ್ದಾರಾ?" ಸಮಾಧಾನ ಮಾಡೋಣ ಅಂತ "ಹಾಗೇನಿಲ್ಲ, ನಿಮ್ಮ ಪೂರ್ತಿ ವಿಳಾಸ ಇನ್ನೊಮ್ಮೆ ಹೇಳಿ" ಅಂದರೆ ಮುಗೀತು, ವಂಚಕರು ಕೇಳುವುದೂ ಅದನ್ನೇ. ಕೊಂಡವರು ಪಾಸ್‌ವರ್ಡ್ ಬದಲಾಯಿಸುತ್ತಾರೆ, ಆರ್ಡರ್ ರದ್ದು ಮಾಡುತ್ತಾರೆ, ಮಾರುವವರ ಬಗ್ಗೆ ದೂರನ್ನೂ ಕೊಡುತ್ತಾರೆ. ಡಬ್ಬ ಮೇಜಿನ ಮೇಲೇ ಕೂತಿರುತ್ತೆ.

ಹಾಗಾಗಿ ಕೇಳುವ ಮೊದಲು ನೋಡಿ. ತಾಣದ ಹೆಸರನ್ನೇ ಮುಂದಿಟ್ಟುಕೊಂಡು ಬರುವ ಕೋಡು ತಾಣದ್ದೇ ಗುರುತು. ಅದಿದ್ದರೂ ಪೋಸ್ಟಿನವರು ಪಾರ್ಸೆಲ್ ಮುಟ್ಟಿಸುತ್ತಾರೆ, ಅದರ ಪಾಡಿಗೆ ಬಿಡಿ. 'ಸೂಟ್' ಅಂತಲೋ 'ಯೂನಿಟ್' ಅಂತಲೋ ಇದ್ದು, ಬೀದಿ ಯಾವುದೋ ಗೋದಾಮಿನದಾಗಿದ್ದರೆ ಅದು ಪಾರ್ಸೆಲ್ ಇಸಿದುಕೊಂಡು ಕೊಂಡವರ ಊರಿಗೆ ಮುಂದಕ್ಕೆ ಕಳಿಸುವ ಫಾರ್ವರ್ಡಿಂಗ್ ಕಂಪನಿಯ ಗ್ರಾಹಕ ಸಂಖ್ಯೆ. ವಿಳಾಸ ಚೊಕ್ಕ ಇರಲಿ ಅಂತ ಅದನ್ನು ಅಳಿಸಿದರೆ, ಗೋದಾಮಿನಲ್ಲಿ ಆ ಪಾರ್ಸೆಲ್ ಯಾರದು ಅಂತ ಹೇಳುವವರೇ ಇಲ್ಲ. ಜರ್ಮನಿಯ ಪಾಕ್‌ಸ್ಟೇಷನ್ ಅನ್ನುವ ಪಾರ್ಸೆಲ್ ಲಾಕರಿಗೂ ಹಾಗೇ, ಪೋಸ್ಟ್‌ನುಮರ್, ಅಂದರೆ ಪಡೆಯುವವರ ಗ್ರಾಹಕ ಸಂಖ್ಯೆ, ಇಲ್ಲದೆ ಆಗುವುದಿಲ್ಲ.

'ಐಎಂ' ಅಕ್ಷರಗಳಾದ ಮೇಲೆ 10 ಅಂಕಿ ಇದ್ದರೆ ಅದು ಐಒಎಸ್‌ಎಸ್, ಯುರೋಪಿಯನ್ ಒಕ್ಕೂಟ ಹೊರಗಿನಿಂದ ಬರುವ 150 ಯೂರೋವರೆಗಿನ ಸರಕಿಗೆ 2021ರ ಜುಲೈ 1ರಿಂದ ತಂದ ತೆರಿಗೆ ಸಂಖ್ಯೆ. ಅದರ ಜಾಗ ಡಬ್ಬದ ಮೈಯಲ್ಲ, ಕಸ್ಟಮ್ಸಿಗೆ ಎಲೆಕ್ಟ್ರಾನಿಕ್ ಆಗಿ ಹೋಗುವ ಮಾಹಿತಿಯಲ್ಲಿ ಅದಕ್ಕೆಂದೇ ಇರುವ ಖಾನೆ. ಅಲ್ಲಿ ತುಂಬದಿದ್ದರೆ, ಆಗಲೇ ತೆರಿಗೆ ಕಟ್ಟಿದವರ ಹತ್ತಿರ ಬಾಗಿಲಲ್ಲಿ ಮತ್ತೆ ತೆರಿಗೆ ಕೇಳುತ್ತಾರೆ. ಬೈಗುಳ ಮಾತ್ರ ಮಾರಿದವರಿಗೆ.

ಇನ್ನು ಕೊಂಡವರೇ ಬರೆಯುವುದುಂಟು: ಗೇಟಿನ ಕೋಡು, ಆಫೀಸಿನ ಪರ್ಚೇಸ್ ಆರ್ಡರ್ ನಂಬರು, "ಬೆಲ್ ಒತ್ತಬೇಡಿ, ಮಗು ಮಲಗಿದೆ". ಒಂದು ಕಾಲಕ್ಕೆ ಹೆಸರು, ಬೀದಿ, ಊರು ಅಂತ ಮೂರು ಸಾಲು ಬರೆದು ಅಂಟು ಹಚ್ಚಿದರೆ ಕಾಗದ ಹೋಗಿ ಸೇರುತ್ತಿತ್ತು. ಈಗ ವಿಳಾಸದಲ್ಲಿ ಮನುಷ್ಯರ ಹೆಸರು ಎಲ್ಲಿದೆ ಅಂತ ಹುಡುಕಬೇಕು.

ನಂಬರು ಯಾವುದೆಂದು ಗೊತ್ತಾದರೂ ಎಕ್ಸೆಲ್ ಬಿಡುವುದಿಲ್ಲ. ಆರ್ಡರುಗಳ ಪಟ್ಟಿಯಿರುವ ಸಿಎಸ್‌ವಿ ಫೈಲನ್ನು ಡಬಲ್ ಕ್ಲಿಕ್ ಮಾಡಿ ತೆರೆದಿರೋ, ಮೊದಲಲ್ಲಿದ್ದ ಸೊನ್ನೆ ಮಾಯ. 11 ಅಂಕಿ ದಾಟಿದ ನಂಬರು 2.76E+11 ಅಂತ ಮುದುಡಿಕೊಳ್ಳುತ್ತೆ. 15 ಅಂಕಿಯ ಆಚೆಗಿನದೆಲ್ಲ ಸೊನ್ನೆಯಾಗುತ್ತೆ, ಸೇವ್ ಆದರೆ ವಾಪಸ್ಸು ಬರುವುದಿಲ್ಲ. 12E5 ಅನ್ನುವ ಸೂಟ್ ನಂಬರು 1.20E+06 ಆಗಿ, ಹನ್ನೆರಡು ಲಕ್ಷದ ಕೋಣೆಯೊಂದು ಲೇಬಲ್ಲಿನ ಮೇಲೆ ರಾರಾಜಿಸುತ್ತೆ. ಡೇಟಾ ಮೆನುವಿನಿಂದ ಇಂಪೋರ್ಟ್ ಮಾಡಿ, ಆ ಕಾಲಮ್ಮಿಗೆ 'ಟೆಕ್ಸ್ಟ್' ಅಂತ ಆರಿಸಿದರೆ ಈ ಪೀಡೆ ಇಲ್ಲ.

ಇದಾದಮೇಲೆ ಲೇಬಲ್ ತಂತ್ರಾಂಶದ ಸರದಿ. ಬಹಳಷ್ಟು ಕೊರಿಯರುಗಳಲ್ಲಿ ಒಂದು ಸಾಲಿಗೆ 35 ಅಕ್ಷರದ ಮಿತಿ. ಬೀದಿಯನ್ನೂ ನಂಬರನ್ನೂ ಒಂದೇ ಸಾಲಿಗೆ ಜೋಡಿಸಿದರೆ ಬಾಲ ಕತ್ತರಿಸಿಹೋಗುತ್ತೆ, ಬಾಲದಲ್ಲೇ ಫ್ಲ್ಯಾಟ್ ನಂಬರು ಇರುತ್ತೆ. ಆದ್ದರಿಂದ ಕೋಡನ್ನು ಬೇರೆ ಸಾಲಿನಲ್ಲೇ ಉಳಿಸಿ, ಆದಷ್ಟು ಬೀದಿಯ ಸಾಲಿಗಿಂತ ಮೇಲೆ. ಬೀದಿ ಮತ್ತು ಊರಿನ ನಡುವೆ ನುಗ್ಗಿಸಿದರೆ ವಿಂಗಡಿಸುವ ಯಂತ್ರಕ್ಕೆ ಗೊಂದಲ. ತಂತ್ರಾಂಶ ಮಾಡುವ ವಿಳಾಸದ ಪರಿಶೀಲನೆಯಲ್ಲಿ ಹಳದಿ ಎಚ್ಚರಿಕೆ ಬಂದರೆ ಬೀದಿ, ಊರು, ಪೋಸ್ಟಲ್ ಕೋಡ್ ಸರಿಯಿವೆಯಾ ನೋಡಿ ಮುಂದಕ್ಕೆ ಹೋಗಿ. "ಸರಿಪಡಿಸಿ" ಅನ್ನುವ ಗುಂಡಿ ಮಾತ್ರ ಒತ್ತಬೇಡಿ, ಅದು ಸೂಟ್ ನಂಬರನ್ನೇ ಸರಿಪಡಿಸಿ ಬಿಸಾಕಬಹುದು. ಆರ್ಡರಿನಲ್ಲಿರುವ ವಿಳಾಸಕ್ಕೆ ಕಳಿಸದಿದ್ದರೆ ಬಹುತೇಕ ತಾಣಗಳು ಮಾರುವವರ ಪರ ನಿಲ್ಲುವುದೂ ಇಲ್ಲ.